ಎರಡು ಚೀಲ ಕೊಯ್ದ ಹುಡುಗಿ

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ವರ್ಷಗಳಲ್ಲಿ ನಾನು ಪಾಲಿಬೆಟ್ಟದ ಕಡೆ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನರ್ಸ್ ಆಗಿದ್ದೆ. ಹಾಸನದವಳು, ಬಾಯಿ ಜೋರು. ಸೇರಿದ ವಾರದಲ್ಲೇ ಕೂಲಿಯವರ ಸಾಲುಮನೆಗಳ ಲೈನಿನವರೆಲ್ಲ ನನಗೆ ಹೆದರತೊಡಗಿದ್ದರು.

ಹೆದರದವಳು ಒಬ್ಬಳೇ. ಹತ್ತೊಂಬತ್ತರ ಹುಡುಗಿ, ತಾಯಿಯೊಂದಿಗೆ ಮೈಸೂರು ಕಡೆಯಿಂದ ಬಂದು ಲೈನಿನಲ್ಲಿದ್ದಳು. ಕೆಲವು ವಾರ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ತಲೆ ಬಾಚಲೂ ಏಳುತ್ತಿರಲಿಲ್ಲ. ಆಮೇಲೆ ಎದ್ದಳೆಂದರೆ ಹಿಡಿಯುವವರಿಲ್ಲ. ನಿದ್ದೆಯಿಲ್ಲ, ಮಾತು ನಿಲ್ಲದು, ನಗು ನಿಲ್ಲದು. ಬಿದ್ದಾಗಲೂ ಸಾರಾಯಿ, ಎದ್ದಾಗಲೂ ಸಾರಾಯಿ. ಆ ಏರಿಳಿತಕ್ಕೆ ಈಗ ಬೈಪೋಲಾರ್ ಎನ್ನುತ್ತಾರೆ. ಆಗ ಎಲ್ಲರೂ ಕುಡಿದು ಕೆಟ್ಟಳು ಎಂದು ಕೈತೊಳೆದುಕೊಂಡಿದ್ದರು. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರೂ, "ಮೊದಲು ಕುಡಿತ ಬಿಡಿಸು, ಮಿಕ್ಕಿದ್ದು ಆಮೇಲೆ ನೋಡೋಣ" ಎಂದರು.

ಬಿಡಿಸಿದೆ. ಡಿಸ್ಪೆನ್ಸರಿಯಲ್ಲೇ ಹಾಸಿಗೆ ಹಾಕಿಸಿ, ಗಂಜಿ ಕುಡಿಸಿ, ಕೈ ನಡುಗಿದಾಗಲೆಲ್ಲ ಹಿಡಿದುಕೊಂಡು ಕೂತೆ. ತಿಂಗಳಾಯಿತು. ಕಾಫಿ ಹಣ್ಣಿನ ಕಾಲ ಬಂತು. ಪಿಕಿಂಗಿಗೆ ಹೋದವಳು ಬೇರೆಯವರು ಒಂದು ಚೀಲ ಕೊಯ್ಯುವಷ್ಟರಲ್ಲಿ ಎರಡು ಕೊಯ್ದಳು! ಹಾಜರಿ ಹಾಕುವ ರೈಟರು ಎಲ್ಲರೆದುರು ಹೊಗಳಿದರು. ನಾನೂ ಹಿಗ್ಗಿ ಹೀರೇಕಾಯಿಯಾದೆ. ಮಗಳು ವಾಸಿಯಾದಳು ಎಂದು ಅವಳ ತಾಯಿಗೆ ನಾನೇ ಹೇಳಿದೆ. ಐದನೆಯ ದಿನ ಹುಡುಗಿ ಕಂಠಪೂರ್ತಿ ಕುಡಿದು ಎಸ್ಟೇಟಿನ ಕೆರೆಗೆ ಇಳಿದುಬಿಟ್ಟಳು. ಎತ್ತಿ ತಂದವರು ಬದುಕುವುದಿಲ್ಲ ಎಂದರು.

ಬದುಕಿದಳು. ಪಕ್ಕದಲ್ಲಿ ಕೂತ ನನಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ಆ ಎರಡು ಚೀಲವೇ ಕಾಯಿಲೆ. ನಾವು ಅದಕ್ಕೆ ಶಹಭಾಸ್ ಎಂದಿದ್ದೆವು. ತಲೆ ಓಡತೊಡಗಿದಾಗ ನಿಲ್ಲಿಸಲು ಅವಳಿಗೆ ಗೊತ್ತಿದ್ದ ಔಷಧಿ ಸಾರಾಯಿಯೊಂದೇ. ಒಂದನ್ನು ಬಿಟ್ಟು ಇನ್ನೊಂದನ್ನು ವಾಸಿ ಮಾಡುತ್ತೇನೆಂದು ಹೊರಟದ್ದೇ ನನ್ನ ದಡ್ಡತನ. ಇನ್ನು ಎರಡನ್ನೂ ಒಟ್ಟಿಗೇ ಹಿಡಿಯುತ್ತೇನೆ ಎಂದು ಹಟ ತೊಟ್ಟೆ. ಡಾಕ್ಟರ ಹತ್ತಿರ ವಾದ ಮಾಡಿಯೇ ನಿದ್ದೆಯ ಮಿಕ್ಸ್ಚರ್ ಬರೆಸಿಕೊಂಡು, ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆಮೇಲೆ ರೈಟರ ಹತ್ತಿರ ಹೋದೆ.

"ಅವಳು ಜಾಸ್ತಿ ಕೊಯ್ದ ದಿನ ನನಗೆ ಹೇಳಿ ಕಳಿಸ್ಬೇಕು ರೈಟರ್ರೇ. ಅವತ್ತೇ ಕರ್ಕೊಂಡೋಗಿ ಮಲಗಿಸ್ತೀನಿ."

"ಏನ್ ನರ್ಸಮ್ಮ ಇದು, ಚೆನ್ನಾಗಿ ಕೆಲಸ ಮಾಡೋರನ್ನ ಮಲಗಿಸೋದಾ? ಎಸ್ಟೇಟ್ ದೊರೆ ಕೇಳಿದ್ರೆ ಏನ್ ಹೇಳ್ಲಿ?"

"ನರ್ಸಿಗೆ ತಲೆ ಕೆಟ್ಟಿದೆ ಅನ್ನಿ. ಹೇಳಿ ಕಳಿಸ್ದೆ ಇದ್ರೆ ಮಾತ್ರ ನಾನು ಸುಮ್ನೆ ಬಿಡಲ್ಲ."

ಗೊಣಗುತ್ತಲೇ ಹೇಳಿ ಕಳಿಸಿದರು, ಪುಣ್ಯಾತ್ಮ. ಆ ವರ್ಷ ಎರಡು ಸಲ ಅವಳನ್ನು ಗಿಡಗಳ ಸಾಲಿನಿಂದಲೇ ಎಳೆದು ತಂದೆ. "ನಾನು ಖುಷಿಯಾಗಿದ್ರೆ ನಿಂಗೆ ಹೊಟ್ಟೆಉರಿ!" ಎಂದು ಕಿರುಚಿ ಕೈ ಕಚ್ಚಿದಳು. ಒಂದು ಸಲ ತಪ್ಪಿಸಿಕೊಂಡು ಹೋಗಿ ಕುಡಿದೂ ಬಂದಳು. ಬೈದೆ, ಅತ್ತೆ, ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮರುವರ್ಷದ ಪಿಕಿಂಗಿನಲ್ಲಿ ಒಂದು ಮಧ್ಯಾಹ್ನ ಅವಳೇ ಡಿಸ್ಪೆನ್ಸರಿಯ ಬಾಗಿಲಲ್ಲಿ ನಿಂತಿದ್ದಳು. ರೈಟರು ಹೇಳಿ ಕಳಿಸಿರಲಿಲ್ಲ. ಕಣ್ಣು ಹೊಳೆಯುತ್ತಿತ್ತು. ಬಾಯಲ್ಲಿ ವಾಸನೆ ಇರಲಿಲ್ಲ.

"ಅಕ್ಕಾ, ಎರಡು ದಿನದಿಂದ ನಿದ್ದೆ ಇಲ್ಲ. ಕೈ ತಾನಾಗೇ ಓಡ್ತಾ ಐತೆ, ಭಾಳ ಖುಷಿಯಾಗೈತೆ" ಎಂದಳು. "ನನ್ನ ಮಲಗಿಸ್ಬಿಡು."