ಯಾಂತಿನಾ ಹ್ಯಾಂಡಲ್ ಬಿಡಲಿಲ್ಲ

ನಡೆಯಲು ಕಲಿತ ಬೆನ್ನಿಗೇ ಸೈಕಲ್ ಕಲಿತ ಹೆಂಗಸಿಗೆ, ಐವತ್ತೆಂಟನೇ ವಯಸ್ಸಿನಲ್ಲಿ ನಿನಗೆ ಸೈಕಲ್ ಬರುವುದಿಲ್ಲ ಎಂದರೆ ಮೈ ಉರಿಯದೆ ಇರುತ್ತದೆಯೇ? ಯಾಂತಿನಾಗೆ ಆ ವಸಂತವಿಡೀ ಮೈ ಉರಿಯುತ್ತಲೇ ಇತ್ತು.

ಡಚ್ ನಾಡಿನ ಡ್ರೆಂಥೆಯ ಕಾಲುವೆಯುದ್ದಕ್ಕೂ ಚದುರಿದ ಮನೆಗಳಿಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸಿ, ಗಾಯಕ್ಕೆ ಪಟ್ಟಿ ಕಟ್ಟಿ ಬರುವ ದಾದಿ ಅವಳು. ಕಾರು ಓಡಿಸಲು ಕಲಿತಿರಲಿಲ್ಲ, ಬೇಕೆಂದು ಅನಿಸಿಯೂ ಇರಲಿಲ್ಲ. ಚಳಿಗಾಲದಲ್ಲಿ ಬೆನ್ನಿನ ಡಿಸ್ಕ್ ಜಾರಿತು. ನೆಟ್ಟಗೆ ಕೂರುವ ಸೈಕಲ್ ಇನ್ನು ಕೂಡದು ಎಂದರು ವೈದ್ಯರು. ಫೋನಿನ ಮುಂದೆ ಕೂರುವ ಕೆಲಸ ಕೊಡುತ್ತೇವೆ ಎಂದಿತು ಕಚೇರಿ. ಯಾಂತಿನಾ ಹಟಕ್ಕೆ ಬಿದ್ದು, ಕಾಲು ಮುಂದೆ ಚಾಚಿ ಒರಗಿ ತುಳಿಯುವ ಸೈಕಲ್ಲೊಂದನ್ನು ತಂದಳು. ಸೋಮವಾರ ಮೇಲಧಿಕಾರಿ ಜೊತೆಗೆ ಬರುವವರಿದ್ದರು. ಅದರ ಮೇಲೆ ಸುತ್ತು ಮುಗಿಸಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಫೋನೇ ಗತಿ.

ಗಂಡ ಹಾರ್ಮ್ ಟೇಪು ಹಿಡಿದು ಹಳೆಯ ಸೈಕಲ್ಲಿನ ಅಳತೆ ತೆಗೆದು, ಸೀಟಿಗೂ ಹ್ಯಾಂಡಲ್ಲಿಗೂ ಅಷ್ಟೇ ಅಂತರ ಇಟ್ಟಿದ್ದ. ಇಷ್ಟು ವರ್ಷ ಹೊಂದಿದ ಅಳತೆ ಈಗೇಕೆ ಹೊಂದದು ಎಂಬುದು ಇಬ್ಬರ ವಾದವೂ ಆಗಿತ್ತು. ಆದರೆ ತೋಳು ಚಾಚಿದರೆ ಭುಜ ಸೀಟಿನಿಂದ ಮೇಲೇಳುತ್ತಿತ್ತು, ಹ್ಯಾಂಡಲ್ ಹಿಡಿದು ಜೋತುಬೀಳಬೇಕಾಗುತ್ತಿತ್ತು, ಒಂದೊಂದು ತುಳಿತಕ್ಕೂ ಮುಂದಿನ ಚಕ್ರ ಅತ್ತಿತ್ತ ಹೊರಳುತ್ತಿತ್ತು. ಕಾಲುವೆಯ ಕಿರುಸೇತುವೆ ದಾಟಿ ತಿರುಗುವಲ್ಲಿ ಪ್ರತಿ ಸಲವೂ ಹುಲ್ಲಿಗೆ ಉರುಳುತ್ತಿದ್ದಳು.

ಹಾರ್ಮ್ ಕೊನೆಗೆ ತಪ್ಪು ಒಪ್ಪಿಕೊಂಡು, ಮೊಣಕೈ ಮಡಿಚಿ ಪಕ್ಕೆಗೆ ತಾಗುವಷ್ಟು ಹ್ಯಾಂಡಲ್ ಹತ್ತಿರ ತಂದ. ಮೊಣಕಾಲಿಗೆ ಬಡಿಯಿತು. ಎತ್ತರಿಸಿದ. ಸೀಟನ್ನು ತುಸು ನೆಟ್ಟಗೆ ಮಾಡಿದ. ಈಗ ಎಲ್ಲವೂ ಸರಿಯಿತ್ತು, ಅವಳೊಬ್ಬಳನ್ನು ಬಿಟ್ಟು.

"ನೀನು ಒರಗ್ತಾನೇ ಇಲ್ಲ ಮಾರಾಯ್ತಿ" ಎಂದ.

"ಒರಗಿದ್ರೆ ಬೀಳ್ತೀನಿ."

"ಈಗೇನು ಹಾರ್ತಾ ಇದೀಯಾ?"

ಅವಳು ಸ್ಪ್ಯಾನರ್ ಕಿತ್ತುಕೊಂಡು ಹ್ಯಾಂಡಲ್ಲನ್ನು ಮತ್ತೆ ದೂರ ತಳ್ಳಿದಳು.

ಶನಿವಾರ ಸೇತುವೆಯ ಆಚೆ ಬಿದ್ದಾಗ ಎದುರಿನ ಕಿಟಕಿಯಲ್ಲಿ ಬೂಲೆನ್ಸ್ ಅಜ್ಜಿ ಕೂತಿದ್ದರು. ಯಾಂತಿನಾ ನಾಲ್ಕು ವರ್ಷದಿಂದ ಸ್ನಾನ ಮಾಡಿಸುತ್ತಿದ್ದುದು ಅವರಿಗೇ. ಅಜ್ಜಿ ಒಳಗೆ ಕರೆದರು. ಕಾಫಿ ಕೊಟ್ಟರು, ಬೆಣ್ಣೆ ಸವರಿದ ಮಸಾಲೆ ಕೇಕು ಮುಂದಿಟ್ಟರು, ಸಮಾಧಾನ ಮಾತ್ರ ಹೇಳಲಿಲ್ಲ.

"ಬಚ್ಚಲ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಕಂಬಿ ಬಿಡಿ, ಹಿಂದಕ್ಕೆ ಒರಗಿ, ಅಂತ ದಿನಾ ನನಗೆ ಹೇಳ್ತೀಯ. ನೀನು ಯಾಕೆ ಬಿಡಲ್ಲ?"

"ಭಯ ಆಗುತ್ತೆ."

"ನನಗೂ ಆಗುತ್ತೆ. ದಿನಾ."

ಯಾಂತಿನಾ ಕಾಫಿಯ ಕಪ್ ಕೆಳಗಿಟ್ಟಳು. "ಇಷ್ಟು ವರ್ಷ ಹೇಳಲಿಲ್ಲ ಯಾಕೆ?"

"ನೀನು ಕೇಳಲಿಲ್ಲ. ನಿನಗೆ ಮುಂದಿನ ಮನೆಯ ಅವಸರ."

ಅವಳು ಮನೆಗೆ ಹೋಗಿ ಹಾರ್ಮ್ ಇಟ್ಟಿದ್ದ ಜಾಗಕ್ಕೇ ಹ್ಯಾಂಡಲ್ ತಂದಳು. ತಲೆಯನ್ನೂ ಸೀಟಿಗೆ ಆನಿಸಿ, ಬೆರಳಷ್ಟೇ ಹ್ಯಾಂಡಲ್ ಮೇಲಿಟ್ಟಳು. ಸೇತುವೆ ದಾಟಿದಳು, ತಿರುಗಿದಳು, ಬೀಳಲಿಲ್ಲ. ಖುಷಿಯಾಗಬೇಕಿತ್ತು. ಇದೇ ಭಯ ಅಜ್ಜಿಯಲ್ಲಿ ನಾಲ್ಕು ವರ್ಷ ತನಗೆ ಕಾಣಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಸೋಮವಾರ ಮೇಲಧಿಕಾರಿಯ ಕಣ್ಣೆದುರೇ ಸೇತುವೆಯ ತಿರುವನ್ನು ಸಲೀಸಾಗಿ ದಾಟಿ ಅಜ್ಜಿಯ ಮನೆಗೆ ಹೋದಳು. ಬಚ್ಚಲಲ್ಲಿ ಅಜ್ಜಿಯ ಒಂದು ಕೈ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳು ತಾನಾಗಿ ಕಂಬಿ ಬಿಡುವವರೆಗೂ ಸುಮ್ಮನೆ ಕಾದಳು. ಹೊರಬಂದಾಗ ಮೇಲಧಿಕಾರಿ ಗಡಿಯಾರ ನೋಡುತ್ತ ನಿಂತಿದ್ದರು. ಸೈಕಲ್ಲಿನಿಂದ ತಡವಾಯಿತೇ ಎಂದು ಕೇಳಿದರು.

"ಸೈಕಲ್ ಸರಿಯಾಗಿದೆ" ಎಂದಳು ಯಾಂತಿನಾ. "ಒಳಗೆ ತಡವಾಯ್ತು. ಇನ್ಮೇಲೆ ದಿನಾ ಆಗುತ್ತೆ."