ಬೇವಿನ ಮರದ ಗಂಟೆ

ಭಾಗ್ಯನಗರದ ನಮ್ಮ ಮನೆಯಲ್ಲಿ ಇಂದು ಮೊಮ್ಮಗಳು ಊಟಕ್ಕೆ ಕೈ ತೊಳೆಯಲು ಒಪ್ಪಲೇ ಇಲ್ಲ. ಗಲಾಟೆ ಮಾಡದೆ ಕುಳಿತಿದ್ದಕ್ಕೆ ಟೀಚರ್ ಅವಳ ಮುಂಗೈ ಮೇಲೆ ಕೆಂಪು ನಕ್ಷತ್ರ ಬರೆದಿದ್ದಾರೆ. ನೋಡಿದ್ದೇ ತಡ, ನನಗೆ ಆ ಗಂಟೆ ನೆನಪಾಯಿತು.

ಕುಷ್ಟಗಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ಕಟ್ಟಿದ್ದರು. ಅದೇ ಗಂಟೆ. ನಾನು ಆಗಲೂ ಬಾಯಿಬಡುಕ. ನಮ್ಮ ಗುರುಗಳು ಹೊಡೆಯುವವರಲ್ಲ. ಎಲೆಯಡಿಕೆ ಜಗಿಯುತ್ತಾ ಹೇಳಿದರು: "ಶನಿವಾರದ ತನಕ ಸುಮ್ಮ ಕುಂದ್ರಪಾ. ಸಾಲಿ ಬಿಡೋ ಗಂಟಿ ನೀನ ಬಾರಸು."

ಕುಳಿತೆ, ತುಟಿ ಕಚ್ಚಿಕೊಂಡು ಕುಳಿತೆ. ಶನಿವಾರ ಮುಂಜಾನೆ ಹೊಲಕ್ಕೆ ಹೊರಟ ಅವ್ವನಿಗೆ, "ಇವತ್ತ ಗಂಟಿ ಕೇಳಬೇ, ನಾನ ಬಾರಸ್ತೀನಿ" ಎಂದೆ.

ಶಾಲೆ ಬಿಡುವ ಹೊತ್ತಿಗೆ ಗುರುಗಳು ಸುತ್ತಿಗೆ ಕೊಟ್ಟಿದ್ದು ವಾರವೆಲ್ಲ ಹುಡುಗರಿಗೆ ಕಲ್ಲೆಸೆದ ಬಸ್ಯಾನಿಗೆ!

"ಸರ್, ನನಗ ಅಂದಿದ್ರಿ..."

"ನಿನಗಿನ್ಯಾಕೋ? ನೀ ಸುಮ್ಮ ಕುಂದ್ರೋದು ಕಲತಿ. ಈಗ ಇವನ್ನ ಹಾದಿಗೆ ತರಬೇಕು."

ಸಂಜೆ ಹೊಲದಿಂದ ಬಂದ ಅವ್ವ ನನ್ನ ತಲೆ ಸವರಿ, "ಕೇಳಿಸ್ತಪಾ! ಎಷ್ಟ ಛಂದ ಬಾರಿಸಿದಿ!" ಎಂದಳು. ಬಾಯಿಬಡುಕನಿಗೆ ಅವತ್ತು ಮಾತೇ ಹೊರಡಲಿಲ್ಲ.

"ಮುತ್ಯಾ, ನಾಳೆನೂ ಸುಮ್ಮ ಕುಂತ್ರ ಮತ್ತ ಬರೀತಾರಲ್ಲ?" ಮೊಮ್ಮಗಳು ಕೇಳುತ್ತಿದ್ದಾಳೆ.

ನಾನು ರೊಟ್ಟಿ ಮುರಿದು ನನ್ನ ಕೈಯಿಂದಲೇ ತಿನ್ನಿಸಿದೆ. ಆ ನಕ್ಷತ್ರ ಇರುವಷ್ಟು ಹೊತ್ತು ಇರಲಿ.