ನಾನಿಮಾಳ ಬಟ್ಟಾ

ಹುಮನಾಬಾದಿನ ಹೆದ್ದಾರಿ ಪಕ್ಕ ನನ್ನದೊಂದು ಪೇಂಟಿಂಗ್ ಅಂಗಡಿ. ಲಾರಿಗಳ ಮೇಲೆ, ಅಂಗಡಿ ಬೋರ್ಡುಗಳ ಮೇಲೆ ಹೆಸರು ಬರೆಯುವುದೇ ನನ್ನ ಕಸುಬು. ಹೊತ್ತೇರುತ್ತಿದ್ದಂತೆ ಬಾಜುವಿನ ಖಾನಾವಳಿಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕಲ್ಲಿನ ಮೇಲೆ ಅರೆಯುತ್ತಾರೆ. ಆ ವಾಸನೆ ಡೀಸೆಲ್ ಹೊಗೆಯನ್ನೂ ನನ್ನ ಟರ್ಪೆಂಟೈನ್ ಘಾಟನ್ನೂ ದಾಟಿ ಬಂತೆಂದರೆ ಮುಗಿಯಿತು, ಕೈ ನಿಲ್ಲುತ್ತದೆ, ಒಂದು ಅಕ್ಷರ ಡೊಂಕಾಗುತ್ತದೆ, ಲಾರಿಯವನು ಬೈಯುತ್ತಾನೆ. ನಿಮ್ಮ ಮನೆಯಲ್ಲೂ ಅರೆಯುವ ಕಲ್ಲೊಂದಿದ್ದು ಈಗ ಇಲ್ಲವಾಗಿದ್ದರೆ, ನನಗೇನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ ಹೊತ್ತಿನಲ್ಲಿ ನಾನು ಬಸವಕಲ್ಯಾಣದಲ್ಲಿ, ನಾನಾನ ಮನೆಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತೇನೆ.

ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ತವರಿಗೆ ಬಂದಿದ್ದಳು. ಅಮ್ಮಿಯ ತಂದೆ, ನಮ್ಮ ನಾನಾ, ಸುಣ್ಣದ ಗಚ್ಚಿನ ಕೆಲಸದಲ್ಲಿ ಹೆಸರಾದ ಗೌಂಡಿ. ಅಂಗಳದ ಗುಂಡಿಯಲ್ಲಿ ಸದಾ ಸುಣ್ಣ ನೆನೆಯುತ್ತಿತ್ತು, ಅದರ ತಣ್ಣನೆಯ ವಾಸನೆ ಹಾಸಿಗೆಯವರೆಗೂ ಬರುತ್ತಿತ್ತು. ಹಿತ್ತಲಲ್ಲಿ ನಮ್ಮ ಅಜ್ಜಿ, ನಾನಿಮಾಳ ರಾಜ್ಯ. ಕೆಳಗಿನ ಹಾಸುಗಲ್ಲಿಗೆ ಸಿಲ್ ಎನ್ನುತ್ತಿದ್ದೆವು, ಮೇಲೆ ಆಡಿಸುವ ಉದ್ದ ಗುಂಡಿಗೆ ಬಟ್ಟಾ. ನಾನಿಮಾ ಎಡಗೈಯವಳು, ಬಟ್ಟಾದ ಒಂದು ತುದಿ ಸವೆದು ಓರೆಯಾಗಿತ್ತು. ಬಿಸಿ ಜೋಳದ ರೊಟ್ಟಿಯ ಚೂರಿಗೆ ಖಾರ ಸವರಿ ನನ್ನ ಬಾಯಿಗಿಡುತ್ತಿದ್ದಳು. ಕಣ್ಣಲ್ಲಿ ನೀರು ಬಂದರೆ, “ಯಾಕೋ ಶಹಜಾದೆ, ಉರಿಯಾಕತ್ತದೇನು?” ಎಂದು ಗಾಜಿನ ಬಳೆ ಕುಲುಕಿ ನಗುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದಾಗ ನಾನಿಮಾ ಹೋದಳು. ಮಣ್ಣು ಕೊಟ್ಟ ಮರುದಿನ ನಾನಾ ಹಿತ್ತಲಿಗೆ ಹೋಗಿ ಬಟ್ಟಾವನ್ನು ತೊಳೆದು, ಟವೆಲಿನಲ್ಲಿ ಸುತ್ತಿ ಬಗಲಿಗಿಟ್ಟುಕೊಂಡ. ಅಮ್ಮಿ ಬಾಗಿಲಿಗೆ ಅಡ್ಡ ನಿಂತಳು. “ಅಬ್ಬಾ, ಅದ ಯಾಕ ಒಯ್ಯಾಕತ್ತೀರಿ? ಅಮ್ಮಾನ ಕೈ ಸವದದ ಅದರ ಮ್ಯಾಲ. ನನಗ ಬೇಕದು.” ನಾನಾ ತಲೆ ಎತ್ತಲಿಲ್ಲ. “ಬ್ಯಾರೆ ಕಲ್ಲಿಟ್ರ ನನಗ ಗುರ್ತ ಹತ್ತಂಗಿಲ್ಲ, ಬೇಟಿ,” ಎಂದ. ಬಟ್ಟಾ ನಾನಿಮಾಳ ಗೋರಿಯ ಮೇಲೆ, ತಲೆಯ ಕಡೆಗೆ ನಿಂತಿತು. ಅದರ ಸುತ್ತ ಒಂದು ಇಟ್ಟಂಗಿಯಿಲ್ಲ, ಒಂದು ಬೊಗಸೆ ಗಚ್ಚಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ಸೋರುತ್ತಿದ್ದ ಒಂದು ದರ್ಗಾದ ಗುಂಬಜಿಗೆ ಇದೇ ನಾನಾ ಆ ವರ್ಷವೆಲ್ಲ ಗಚ್ಚು ಬಳಿಯುತ್ತಿದ್ದ. ನಾನಿಮಾಳ ಗೋರಿಗೆ ಯಾಕಿಲ್ಲವೆಂದು ಕೇಳಿಯೇಬಿಟ್ಟೆ. “ಅದನ್ನ ಕಟ್ಟಿದಾಂವ ನಾ ಅಲ್ಲ, ಸೋರೂದು ನಿಲ್ಲಸ್ತೀನಿ ಅಷ್ಟ. ಇಲ್ಲಿ ಕಟ್ಟಿದ್ರ, ಕಟ್ಟಿದಾಂವ ನಾ ಆಗ್ತೀನಲ್ಲ,” ಎಂದ. ಪೈಗಂಬರರು ತಮ್ಮವರೊಬ್ಬರ ಕಬರಿನ ತಲೆಯ ಕಡೆ ಒಂದು ಕಲ್ಲಿಟ್ಟಿದ್ದರಂತೆ, ಗುರುತಿಗೆ. ಅಷ್ಟು ಸಾಕಂತೆ, ಗೋರಿಯ ಮೇಲೆ ಕಟ್ಟಬಾರದಂತೆ. ಅರ್ಥವಾದವನಂತೆ ಗೋಣು ಹಾಕಿದೆ. ಇವತ್ತಿಗೂ ಅರ್ಧವೇ ಅರ್ಥವಾಗಿದೆ.

ನಮ್ಮ ಮನೆತನದಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಅಮ್ಮಿಗೆ ಅವಳ ತಾಯಿಯ ಗೋರಿ ಎಂದರೆ ನನ್ನ ಬಾಯಿಮಾತು. ಪ್ರತಿ ಈದಿಗೂ ನಾನಾನ ಜೊತೆ ಹೋಗಿ ಬಂದಾಗ ಕೇಳುವಳು: “ಬಟ್ಟಾ ಅದಯೇನೋ?” “ಅದ ಅಮ್ಮಿ.” “ಅದು ನನಗ ಸಿಗಬೇಕಿತ್ತು ನೋಡು,” ಎಂದು ಪ್ರತಿ ಸಲವೂ ಮುನಿಸಿಕೊಳ್ಳುವಳು. ಮುಂದೆ ನಾನಾ ಹೋದ. ಮನೆ ಮಾರಿದೆವು. ಅಂಗಳದ ಸುಣ್ಣದ ಗುಂಡಿಯ ಮೇಲೆ ಈಗ ಯಾರದೋ ಮೊಬೈಲ್ ಅಂಗಡಿಯಿದೆ. ನಾನೂ ತಮ್ಮನೂ ಅಮ್ಮಿಯನ್ನು ಕರೆದುಕೊಂಡು ಹುಮನಾಬಾದಿಗೆ ಬಂದೆವು. ಅವನು ಫ್ಯಾಕ್ಟರಿ ಸೇರಿದ, ನಾನು ಕುಂಚ ಹಿಡಿದೆ. ನಡುವೆ ಎರಡು ಮೂರು ವರ್ಷ ನಾನು ಬಸವಕಲ್ಯಾಣದ ಕಬರಸ್ತಾನದ ಕಡೆ ತಲೆ ಹಾಕಲಿಲ್ಲ. ಲಾರಿ, ಬೋರ್ಡು, ಸುಡುಗಾಡು ಕೆಲಸ!

ಹೋದರೆ, ಕಬರಸ್ತಾನವೇ ಬದಲಾಗಿತ್ತು. ಜಾಲಿ ಬೆಳೆದಿತ್ತೆಂದು ಜನ ಪುಣ್ಯದ ಕೆಲಸವೆಂದೇ ಜೆಸಿಬಿ ತರಿಸಿ ಬಯಲು ಮಾಡಿಸಿದ್ದರು. ಬಿಡಿ ಕಲ್ಲುಗಳನ್ನೆಲ್ಲ ಗೋಡೆಯ ಮಗ್ಗುಲಿಗೆ ರಾಶಿ ಹಾಕಿದ್ದರು. ಯಾವ ಬೇವಿನ ಗಿಡದಿಂದ ಹೆಜ್ಜೆ ಎಣಿಸಿ ನಾನಿಮಾಳ ಗೋರಿ ಗುರುತಿಸುತ್ತಿದ್ದೆನೋ ಅದೂ ಇರಲಿಲ್ಲ. ರಾಶಿಯಲ್ಲಿ ಕೈಯಾಡಿಸಿ ಆ ಓರೆ ತುದಿಯ ಬಟ್ಟಾವನ್ನು ಹುಡುಕಿ ತೆಗೆದೆ. ತೆಗೆದದ್ದೇನೋ ಸರಿ, ಇಡುವುದೆಲ್ಲಿ? ಅತ್ತ ನಾಲ್ಕು ಹೆಜ್ಜೆ, ಇತ್ತ ಆರು ಹೆಜ್ಜೆ ಅಡ್ಡಾಡಿ, ಇಲ್ಲೇ ಇರಬೇಕೆಂದು ಒಂದು ಕಡೆ ನೆಟ್ಟೆ. ಮನೆಗೆ ಬಂದಾಗ ಅಮ್ಮಿ ಕೇಳಿದಳು, “ಬಟ್ಟಾ ಅದಯೇನೋ?” ಅದ ಎಂದೆ.

ಹೋದ ವರ್ಷ ಅಮ್ಮಿ ಹಾಸಿಗೆ ಹಿಡಿದಳು. ಕೇಳಿದ್ದು ಒಂದೇ: “ಅಮ್ಮಾನ ಬಾಜೂಕ ಇಡ್ರಿ ನನಗ. ನಿನಗ ಜಾಗಾ ಗೊತ್ತದಲ್ಲ.” ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಗೋರಿ ತೋಡುವವನು ಗುದ್ದಲಿ ಹೆಗಲಿಗಿಟ್ಟು, “ಎಲ್ಲಿರಿ ಭಾಯ್ ಜಾನ್?” ಎಂದಾಗ ಆ ಬಟ್ಟಾದ ಮಗ್ಗುಲು ತೋರಿಸಿದೆ.

ಈಗ ತಮ್ಮನ ವರಾತ. “ಗ್ರಾನೈಟ್ ಹಾಕ್ಸೋಣ. ಅಮ್ಮೀದೊಂದು, ನಾನಿಮಾದೊಂದು, ಜೋಡೀಲೆ. ಊರ ಮಂದಿ ಹೆಸರೆಲ್ಲಾ ಬರೀತೀ, ಇವರ ಹೆಸರ ಬರ್ಯಾಕ ನಿನಗೇನ ಧಾಡಿ?” ಮೌಲ್ವಿ ಸಾಹೇಬರನ್ನು ಕೇಳಿದೆ. “ಕಲ್ಲಿಡ್ರಿ, ಹರಕತ್ತಿಲ್ಲ. ಗಚ್ಚು, ಕಟ್ಟಡ ಬ್ಯಾಡ್ರಿ,” ಎಂದರು. ಹೆಸರು ಬರೆಯುವುದರಲ್ಲಿ ಧರ್ಮ ಬಲ್ಲ ಆಲಿಮರ ನಡುವೆಯೇ ಭೇದವಿದೆಯಂತೆ; ಗುರುತು ಅಳಿಯುವ ಅಂಜಿಕೆಯಿದ್ದರೆ ಬರೆಯಬಹುದು ಎನ್ನುವವರೂ ಇದ್ದಾರಂತೆ, ಬೇಡವೇ ಬೇಡ ಎನ್ನುವವರೂ ಇದ್ದಾರಂತೆ. ಗುರುತು ಮೊದಲೇ ಅಳಿದು, ನಾನೇ ಒಂದನ್ನು ಹುಟ್ಟಿಸಿದ್ದರೆ ಏನು ಮಾಡಬೇಕೆಂದು ಕೇಳಲು ಬಾಯಿ ಬರಲಿಲ್ಲ. ಸಲಾಮ್ ಹೇಳಿ ಎದ್ದು ಬಂದೆ.

ಕಳೆದ ಜುಮ್ಮಾದ ನಮಾಜು ಮುಗಿಸಿ ಬಸವಕಲ್ಯಾಣಕ್ಕೆ ಹೋದೆ. ಚೀಲದಲ್ಲಿ ಕುಂಚ, ಪೇಂಟಿನ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಯಾರದೋ ಮಣ್ಣಿನ ಮೇಲೆ ನಾನಿಮಾಳ ಹೆಸರು ಬರೆಯಲೇ? ಬಟ್ಟಾವನ್ನು ಅಲುಗಾಡಿಸಿ ಕಿತ್ತೆ, ಮಣ್ಣು ಒರೆಸಿದೆ, ಮೂಗಿಗೆ ಹಿಡಿದೆ. ಬರೀ ಕಲ್ಲಿನ ವಾಸನೆ. ಅದನ್ನು ಒಯ್ದು ಅಮ್ಮಿಯ ತಲೆಯ ಕಡೆ, ಓರೆ ತುದಿ ಅವಳ ಕಡೆಗೇ ಇರುವಂತೆ ನೆಟ್ಟೆ. ತಮ್ಮನಿಗೆ ಏನು ಹೇಳಲಿ, ತಿಳಿಯದು. ನಾನಾ ಇದ್ದಿದ್ದರೆ ಬೈಯುತ್ತಿದ್ದನೋ ಸುಮ್ಮನಿರುತ್ತಿದ್ದನೋ, ಅದೂ ತಿಳಿಯದು. ಅಮ್ಮಿ ಇಷ್ಟು ವರ್ಷ ಬೇಕೆಂದ ಕಲ್ಲು ಅವಳಿಗೆ ಸಿಕ್ಕಿತು. ನಾನಿಮಾ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ.